ಕಣ್ಣಿಗೆ ಕಾಣುವ ಧೂಳು, ಕಾಣದ ಧೂಳು

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಹೊರವಲಯದಲ್ಲಿ ಮನೆ ಕಟ್ಟುವ ಸೈಟುಗಳ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ ಎಲ್ಲರಿಗೂ ತಲೆನೋವು ಧೂಳಿನದೇ. ಈ ನಗರವಿರುವ ಮ್ಯಾರಿಕೋಪಾ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಎಕರೆಯ ಹತ್ತನೇ ಒಂದು ಭಾಗದಷ್ಟು ನೆಲ ಕೆದಕಬೇಕಾದರೂ ಪರ್ಮಿಟ್ ಬೇಕು, ಏಳುವ ಧೂಳು ಹಿಂದಿನ ನೋಟವನ್ನು ಶೇ 20ಕ್ಕಿಂತ ಹೆಚ್ಚು ಮರೆಮಾಡುವಂತಿಲ್ಲ. ಹಾಗಾಗಿ ಇನ್ಸ್‌ಪೆಕ್ಟರ್ ಬರುತ್ತಾರೆಂದರೆ ನೀರಿನ ಟ್ರಕ್ ಇನ್ನೆರಡು ಸುತ್ತು ಹೊಡೆಯುತ್ತದೆ. ದಂಡವೇನೋ ತಪ್ಪುತ್ತದೆ. ಮಣ್ಣಿನ ಧೂಳಿನಿಂದ ಶ್ವಾಸಕೋಶಕ್ಕೆ ಹತ್ತುವ ವ್ಯಾಲಿ ಫೀವರ್ ಎಂಬ ರೋಗ ತಪ್ಪುವುದಿಲ್ಲ.

ಈ ಜ್ವರ ತರುವ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರ ಮಣ್ಣಿನಲ್ಲಿರುತ್ತದೆ. ಮಳೆ ಬಿದ್ದಾಗ ಎಳೆಎಳೆಯಾಗಿ ಬೆಳೆಯುತ್ತದೆ, ನೆಲ ಒಣಗಿದಾಗ ಆ ಎಳೆಗಳು ಮುರಿದು 2ರಿಂದ 5 ಮೈಕ್ರಾನ್ ಗಾತ್ರದ ಕಣಗಳಾಗುತ್ತವೆ. ಗಾಳಿ ತಿಳಿಯಾಗಿ ಕಂಡರೂ ಅವು ಅದರಲ್ಲಿರಬಹುದು, ಉಸಿರಿನ ಜೊತೆ ನೇರ ಶ್ವಾಸಕೋಶದ ಆಳಕ್ಕೆ ಇಳಿಯಬಹುದು. ಒಳ್ಳೆಯ ಮಳೆಯ ಹಿಂದೆಯೇ ಬಿರುಬೇಸಗೆ ಬಂದ ವರ್ಷ ನಾನು ಹೆಚ್ಚು ಹುಷಾರಾಗಿರುತ್ತೇನೆ.

ಹಬೂಬ್, ಅಂದರೆ ಗೋಡೆಯಂತೆ ನುಗ್ಗುವ ಧೂಳಿನ ಬಿರುಗಾಳಿ ಎದ್ದರೆ ಎಲ್ಲರೂ ಫೋಟೊ ತೆಗೆಯುತ್ತಾರೆ. ನನ್ನ ಚಿಂತೆ ಟ್ರೆಂಚ್ ಅಂಚಿನಲ್ಲಿ ಸಲಿಕೆ ಹಿಡಿದು ನಿಂತವನದು. ಎಕ್ಸ್‌ಕವೇಟರ್ ಓಡಿಸುವವನು ಗಾಜು ಏರಿಸಿ ಏಸಿಯಲ್ಲಿ ಕೂತಿರುತ್ತಾನೆ. ಪೈಪಿನ ಮಟ್ಟ ನೋಡುವವನು ಗಾಳಿ ಬೀಸುವ ದಿಕ್ಕಿಗೇ ನಿಂತು, ಬಕೆಟ್ ಸುರಿದ ಮಣ್ಣನ್ನೆಲ್ಲ ಉಸಿರಾಡುತ್ತಾನೆ. ಮೇಲೆ ನೀರು ಹಾಕಿದ್ದೇವಲ್ಲ ಎನ್ನುತ್ತಾರೆ. ಹಾಕಿದ್ದೇವೆ, ಆದರೆ ನೆನೆದದ್ದು ಮೇಲಿನ ಪದರ ಮಾತ್ರ, ಬಕೆಟ್ ಎತ್ತುವುದು ಅದರ ಕೆಳಗಿನ ಒಣ ಮಣ್ಣನ್ನು. ಈಗ ಅಗೆಯುವಾಗಲೂ ಹೋಸ್ ಹಿಡಿಯುತ್ತೇವೆ, ಕೆಳಗೆ ಇಳಿಯುವವರನ್ನು ಗಾಳಿ ಬರುವ ಕಡೆಗೆ ನಿಲ್ಲಿಸುತ್ತೇವೆ. ಮುಖಕ್ಕೆ ಎನ್95 ಮಾಸ್ಕ್ ಕಡ್ಡಾಯ. ಕರ್ಚೀಫ್ ಕಟ್ಟಿಕೊಂಡರೆ ಸಮಾಧಾನವಷ್ಟೇ, ಪ್ರಯೋಜನವಿಲ್ಲ.

ಜಾಗವನ್ನೂ ನೋಡಬೇಕು. ವರ್ಷಾನುಗಟ್ಟಲೆ ಉತ್ತು ನೀರು ಹಾಯಿಸಿದ ಹೊಲದಲ್ಲಿ ಈ ಶಿಲೀಂಧ್ರ ಸಿಗುವ ಸಾಧ್ಯತೆ ಕಡಿಮೆ. ಯಾರೂ ಮುಟ್ಟದ ಮರುಭೂಮಿ, ಅದರಲ್ಲೂ ಇಲಿ ಅಳಿಲುಗಳ ಬಿಲಗಳಿರುವ ನೆಲವೆಂದರೆ ಎಚ್ಚರ ಬೇಕು. ನಗರ ಬೆಳೆಯುತ್ತಿರುವುದು ಆ ಕಡೆಗೇ.

ಇನ್ನೊಂದು ತೊಡಕಿದೆ. ಕಣ ಒಳಹೊಕ್ಕ ಒಂದರಿಂದ ಮೂರು ವಾರಕ್ಕೆ ಜ್ವರ, ಕೆಮ್ಮು, ಮೈ ಏಳಲಾರದಷ್ಟು ಸುಸ್ತು. ಅಷ್ಟರಲ್ಲಿ ಆತ ಬೇರೆ ಸೈಟಿಗೆ ಹೋಗಿರುತ್ತಾನೆ, ಎಲ್ಲಿ ಹತ್ತಿತೆಂದು ಅವನಿಗೂ ಗೊತ್ತಾಗುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಹರಡದ ಕಾರಣ ಜೊತೆಯವರಿಗೂ ಅನುಮಾನ ಬರುವುದಿಲ್ಲ. ನಮ್ಮ ಹುಡುಗನೊಬ್ಬ ಮಾಮೂಲಿ ನ್ಯುಮೋನಿಯಾ ಎಂದು ಎರಡು ಕೋರ್ಸ್ ಆಂಟಿಬಯೋಟಿಕ್ ನುಂಗಿದ. ಅವು ಬ್ಯಾಕ್ಟೀರಿಯಾಕ್ಕೆ ಕೊಡುವ ಮಾತ್ರೆ, ಶಿಲೀಂಧ್ರ ಅವಕ್ಕೆ ಬಗ್ಗುವುದಿಲ್ಲ. ಅದಾದ ಮೇಲೆ ಯಾರು ಯಾವ ದಿನ ಎಲ್ಲಿ ಅಗೆದರೆಂದು ಬರೆದಿಡತೊಡಗಿದೆ.

ಕ್ಯಾಲಿಫೋರ್ನಿಯಾದಲ್ಲಿ 2019ರ ಕಾನೂನಿನಂತೆ, ರೋಗ ಹೆಚ್ಚಿರುವ ಕೌಂಟಿಗಳಲ್ಲಿ ನೆಲ ಅಗೆಯುವ ಕಟ್ಟಡ ಕಾರ್ಮಿಕರಿಗೆ ಈ ಬಗ್ಗೆ ತರಬೇತಿ ಕೊಡಲೇಬೇಕು. ಅದೇ ವಿಷಯಗಳನ್ನು ನಾನು ಬೆಳಗಿನ ಮೀಟಿಂಗಿನಲ್ಲಿ ಹೇಳುತ್ತೇನೆ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಅಗೆತದ ಹತ್ತಿರ ಬೇಡ. ಕೆಮ್ಮು ವಾರ ದಾಟಿದರೆ ಡಾಕ್ಟರ ಹತ್ತಿರ ಹೋಗಿ, ಮಣ್ಣಿನಲ್ಲಿ ಕೆಲಸ ಮಾಡುತ್ತೇನೆ, ವ್ಯಾಲಿ ಫೀವರ್ ರಕ್ತಪರೀಕ್ಷೆ ಮಾಡಿಸಿ ಎಂದು ನೀವೇ ಬಾಯಿಬಿಟ್ಟು ಕೇಳಿ. ಮೊದಲ ಸಲ ನೆಗೆಟಿವ್ ಬಂದರೂ ಕೆಮ್ಮು ಬಿಡದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು. ರೋಗದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ರಕ್ತದಲ್ಲಿ ಕಾಣಿಸಿಕೊಳ್ಳಲು ಅಷ್ಟು ಸಮಯ ಹಿಡಿಯುತ್ತದೆ.