ಸೈಕಲ್ಲಿಗೆ ಸುಲಿದ ಬಸ್ಸು, ಚೀಟಿ ಕೊಟ್ಟ ದೋಣಿ

ಕೇರಳದ ಕೊಚ್ಚಿಯಿಂದ ಆಲಪ್ಪುಳದವರೆಗೆ ಕಡಲ ಬದಿ, ಆಮೇಲೆ ವೆಂಬನಾಡ್ ಸರೋವರದ ಸುತ್ತಮುತ್ತ ಸೈಕಲ್ ತುಳಿಯಲು ಬೆಂಗಳೂರಿನಿಂದ ಹೊರಟಿದ್ದೆವು. ಸೈಕಲ್ ತರುತ್ತೇವೆ ಅಂತ ಬಸ್ಸಿನ ಟಿಕೆಟ್ ಮಾಡಿಸುವಾಗಲೇ ಫೋನಿನಲ್ಲಿ ಹೇಳಿದ್ದೆವು. ‘ತನ್ನಿ ಸಾರ್, ಡಿಕ್ಕಿಯಲ್ಲಿ ಬೇಕಾದಷ್ಟು ಜಾಗ ಇದೆ’ ಅಂದಿದ್ದರು. ರಾತ್ರಿ ಒಂಬತ್ತೂವರೆಗೆ ಮಡಿವಾಳದಲ್ಲಿ ಬಸ್ಸು ಬಂತು. ಕ್ಲೀನರ್ ಸೈಕಲ್ ನೋಡಿದವನೇ ಒಂದಕ್ಕೆ ಎಂಟುನೂರು ಅಂದ. ರಸೀದಿ ಕೊಡ್ತೀಯಾ ಅಂದರೆ ನಕ್ಕ. ಜೊತೆಗಿದ್ದದ್ದು ನನ್ನ ಭಾವ, ಉಡುಪಿ ಕಡೆಯವರು. ಅವರು ಜಗಳ ಆಡುವವರಲ್ಲ, ನಾನು ಆಡುವವನು. ಆದರೆ ಹಿಂದೆ ನಿಂತ ಬಸ್ಸುಗಳೆಲ್ಲ ಹಾರ್ನ್ ಹೊಡೆಯುತ್ತಿರುವಾಗ ಎಷ್ಟು ಹೊತ್ತು ಆಡೋದು? ಸಾವಿರದ ಆರುನೂರು ಕೊಟ್ಟು ಹತ್ತಿದೆವು.

ಬೆಳಗ್ಗೆ ಎರ್ನಾಕುಲಂನಲ್ಲಿ ಡಿಕ್ಕಿ ತೆಗೆದರೆ ನನ್ನ ಸೈಕಲ್ಲಿನ ಮೇಲೆ ಮೂಟೆಯಂಥ ಎರಡು ಪಾರ್ಸೆಲ್ ಕೂತಿದ್ದವು. ಗೇರಿನ ಬದಿ ಕೆಳಗೆ. ಡಿರೇಲರ್ ಹ್ಯಾಂಗರ್ ಒಳಕ್ಕೆ ಬಾಗಿತ್ತು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹೆಬ್ಬೆರಳು ಗಾತ್ರದ ತುಂಡು ಅದು. ಫ್ರೇಮ್ ಉಳಿಯಲಿ ಅಂತ ಮೆದುವಾಗಿಯೇ ಮಾಡಿರುತ್ತಾರೆ. ಬಾಗಿದ್ದನ್ನು ನೋಡದೆ ದೊಡ್ಡ ಹಲ್ಲಿಗೆ ಗೇರ್ ಹಾಕಿದರೆ ಡಿರೇಲರ್ ಹೋಗಿ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಚಕ್ರವೂ ಇಲ್ಲ, ಗೇರೂ ಇಲ್ಲ.

ಆದ್ದರಿಂದ ಮೊದಲ ಮಾತು ಇದೇ. ಬಸ್ಸಿಗೆ ಹಾಕುವ ಮುಂಚೆ ಹಿಂದಿನ ಡಿರೇಲರನ್ನು ಒಂದು ಅಲನ್ ಕೀಲಿಯಿಂದ ಬಿಚ್ಚಿ, ಬಟ್ಟೆ ಸುತ್ತಿ, ಫ್ರೇಮಿನ ಒಳಗೆ ಕಟ್ಟಿ. ಎರಡು ನಿಮಿಷದ ಕೆಲಸ. ಮುಂದಿನ ಚಕ್ರ ತೆಗೆದರೆ ಫೋರ್ಕಿನ ಕಾಲುಗಳ ನಡುವೆ ಒಂದು ಕಟ್ಟಿಗೆ ತುಂಡಾದರೂ ಇಡಿ. ಚೈನಿನ ಬದಿ ಮೇಲೆ ಬರುವಂತೆ ನೀವೇ ನಿಂತು ಮಲಗಿಸಿ. ನಿಮ್ಮ ಸೈಕಲ್ಲಿಗೆ ಹೊಂದುವ ಹ್ಯಾಂಗರ್ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಒಂದೊಂದು ಮಾಡೆಲ್ಲಿಗೆ ಒಂದೊಂದು ಆಕಾರ, ದಾರಿಯಲ್ಲಿ ಸಿಗುವುದಿಲ್ಲ. ಫೋರ್ಟ್ ಕೊಚ್ಚಿಯ ಹತ್ತಿರ ಒಬ್ಬ ಹಳೇ ಮೆಕ್ಯಾನಿಕ್ ಕೈಯಲ್ಲೇ ನೇರ ಮಾಡಿಕೊಟ್ಟರು. ಮಧ್ಯದ ಮೂರು ಗೇರ್ ಮಾತ್ರ ಉಳಿದವು.

ಅಷ್ಟೇ ಸಾಕಾಯಿತು! ಈ ದಾರಿಯಲ್ಲಿ ಏರು ಅಂದರೆ ಸೇತುವೆಗಳು ಮಾತ್ರ. ಗೇರಿಲ್ಲದ ಸಾಮಾನ್ಯ ಸೈಕಲ್ಲಿನಲ್ಲೇ ಹೋಗಬಹುದು. ಹಾಗೆ ನೋಡಿದರೆ ಬೆಂಗಳೂರಿನಿಂದ ಸೈಕಲ್ ಹೊತ್ತುಕೊಂಡು ಹೋಗಿದ್ದೇ ದಂಡ. ಕೊಚ್ಚಿಯಲ್ಲೇ ಬಾಡಿಗೆಗೆ ತಗೊಳ್ಳಬಹುದಿತ್ತು.

ಫೋರ್ಟ್ ಕೊಚ್ಚಿಯಿಂದ ಚೆಲ್ಲಾನಂ, ಅಂಧಕಾರನಳಿ, ಅರ್ತುಂಗಲ್ ಮೂಲಕ ಆಲಪ್ಪುಳಕ್ಕೆ ಕಡಲ ಬದಿಯಲ್ಲೇ ರಸ್ತೆ ಇದೆ. ರಾಷ್ಟ್ರೀಯ ಹೆದ್ದಾರಿ 66 ಒಳಗಡೆ ಸಮಾನಾಂತರವಾಗಿ ಹೋಗುತ್ತದೆ. ಆ ಕಡೆ ತಲೆ ಹಾಕಬೇಡಿ. ಕಡಲ ಬದಿ ರಸ್ತೆ ಕಿರಿದು, ನೆರಳಿದೆ, ಲಾರಿ ಕಮ್ಮಿ. ಆದರೆ ಸಮುದ್ರ ನೋಡ್ತಾ ಪೆಡಲ್ ತುಳಿಯಬಹುದು ಅಂತ ಮಾತ್ರ ಅಂದುಕೊಳ್ಳಬೇಡಿ. ಕಡಲ್ಕೊರೆತಕ್ಕೆ ಅಡ್ಡವಾಗಿ ಉದ್ದಕ್ಕೂ ಕಲ್ಲು ಪೇರಿಸಿದ್ದಾರೆ. ಚೆಲ್ಲಾನಂನಲ್ಲಿ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್‌ಗಳ ಗೋಡೆ. ಸಮುದ್ರ ಕಿವಿಗೆ ಕೇಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನನಗೆ ಬೇಜಾರಾಯಿತು. ಗೋಡೆಗೆ ಬೆನ್ನು ಕೊಟ್ಟು ನಿಂತ ಮನೆಗಳ ಅಂಗಳದಲ್ಲಿ ಮರಳು ನುಗ್ಗಿದ್ದು ನೋಡಿದ ಮೇಲೆ ಬೇಜಾರಾಗಿದ್ದಕ್ಕೇ ನಾಚಿಕೆಯಾಯಿತು.

ನಾವು ಹೋದದ್ದು ಜನವರಿ ಮೂರನೇ ವಾರ. ಹವಾಮಾನ ನೋಡಿದೆ, ರಜೆ ನೋಡಿದೆ, ಹಬ್ಬ ನೋಡಲಿಲ್ಲ. ಜನವರಿ 20 ಅರ್ತುಂಗಲ್ ಚರ್ಚಿನ ಸಂತ ಸೆಬಾಸ್ಟಿಯನ್ ಹಬ್ಬದ ಮುಖ್ಯ ದಿನ. ನಾವು ತಲುಪಿದ್ದು ಅದೇ ದಿನ ಸಂಜೆ. ಎರಡು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ಹೋದೆವು. ಬಲೂನು, ಬಳೆ, ಕಡಲೆಕಾಯಿ, ಪೀಪಿ. ನನಗೆ ಜನಜಂಗುಳಿ ಆಗಿ ಬರುವುದಿಲ್ಲ. ಜಾತ್ರೆ ಇಷ್ಟಪಡುವವರು ಬೇಕಂತಲೇ ಆ ದಿನ ಹೋಗಿ. ಅಲ್ಲಿ ಒಂದು ವಿಶೇಷ ಇದೆ. ಶಬರಿಮಲೆ ಮುಗಿಸಿದ ಅಯ್ಯಪ್ಪ ಭಕ್ತರು ಈ ಚರ್ಚಿಗೆ ಬಂದು ಮಾಲೆ ತೆಗೆಯುತ್ತಾರೆ. ಕಪ್ಪು ಪಂಚೆಯವರು ಮೇಣದಬತ್ತಿ ಹಿಡಿದವರ ಸಾಲಿನಲ್ಲೇ ನಿಂತಿದ್ದರು. ಭಾವ ಅದನ್ನೇ ಅರ್ಧ ಗಂಟೆ ನೋಡುತ್ತಾ ನಿಂತರು. ನಾನು ಸೈಕಲ್ ಕಾದೆ.

ಆಲಪ್ಪುಳದ ರೂಮಿನ ವಿಷಯಕ್ಕೆ ಬರೋಣ. ‘ಲೇಕ್ ವ್ಯೂ’ ಅಂತ ಎರಡೂವರೆ ಸಾವಿರ ತಗೊಂಡರು. ಕಿಟಕಿ ತೆಗೆದರೆ ಅಂತರಗಂಗೆ ತುಂಬಿದ ಕಾಲುವೆ, ಅದರಾಚೆ ಒಂದು ಹೌಸ್‌ಬೋಟಿನ ಜನರೇಟರ್. ಸೈಕಲ್ ಒಳಗೆ ಬಿಡುವುದಿಲ್ಲ ಅಂದರು. ಎರಡನ್ನೂ ಮೆಟ್ಟಿಲಿನ ಕಂಬಿಗೆ ಸರಪಳಿ ಹಾಕಿ, ರಾತ್ರಿ ನಾಲ್ಕು ಸಲ ಎದ್ದು ನೋಡಿದೆ. ಊರೊಳಗೆ ಉಳಿಯಲೇಬೇಕು ಅಂತೇನಿಲ್ಲ. ಉತ್ತರಕ್ಕೆ ಮಾರಾರಿ ಕಡೆ ಮನೆಗಳಲ್ಲೇ ರೂಮು ಕೊಡುವವರಿದ್ದಾರೆ. ದುಡ್ಡು ಕೊಡುವ ಮುಂಚೆ ಕೇಳಬೇಕಾದ್ದು ಒಂದೇ: ‘ಸೈಕಲ್ ಎಲ್ಲಿಡೋದು?’ ಜಗಲಿ ತೋರಿಸಿದರೆ ಉಳಿಯಿರಿ.

ಮರುದಿನದ ಬಗ್ಗೆ ಹೇಳುವಂಥದ್ದೇನಿಲ್ಲ. ಬಿಸಿಲು, ನಿದ್ದೆ.

ಅದರ ಮಾರನೇ ದಿನ ಈ ಪ್ರವಾಸಕ್ಕೆ ಅರ್ಥ ಬಂತು. ವೆಂಬನಾಡ್ ಸರೋವರ ಹತ್ತಿರ ಹತ್ತಿರ ನೂರು ಕಿಲೋಮೀಟರ್ ಉದ್ದ. ಆದರೆ ದಡದ ಉದ್ದಕ್ಕೂ ಸುತ್ತಿ ಬರುವ ರಸ್ತೆ ಇಲ್ಲ. ದಡವೆಲ್ಲ ತೋಟ, ಮನೆ, ರೆಸಾರ್ಟಿನ ಕಾಂಪೌಂಡು. ನೀರು ನೋಡಬೇಕಾದರೆ ನೀರಿಗೇ ಇಳಿಯಬೇಕು. ಆಲಪ್ಪುಳದ ಉತ್ತರಕ್ಕೆ ಮುಹಮ್ಮ ಅಂತ ಊರಿದೆ. ಅಲ್ಲಿಂದ ಎದುರು ದಡದ ಕುಮರಕಂಗೆ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿ ಹೋಗುತ್ತದೆ. ಊರವರಿಗೆ ಅದೇ ಬಸ್ಸು. ಶಾಲೆ ಮಕ್ಕಳು, ಮೀನಿನ ಬುಟ್ಟಿ, ಆಸ್ಪತ್ರೆಗೆ ಹೊರಟ ಅಜ್ಜಿ. ಕಂಡಕ್ಟರ್ ನಮ್ಮಿಬ್ಬರಿಗೆ ಚೀಟಿ ಹರಿದರು, ಆಮೇಲೆ ಸೈಕಲ್ಲುಗಳಿಗೂ ಹರಿದರು. ಎಲ್ಲಾ ಸೇರಿಸಿದರೂ ಒಂದು ಊಟದ ದುಡ್ಡಿಲ್ಲ. ಒಬ್ಬರು ಬಂದು ಎರಡು ಸೈಕಲ್ಲುಗಳ ನಡುವೆ ತಮ್ಮ ತೋರ್ತು, ಅಂದರೆ ತೆಳು ಟವೆಲ್ಲು, ಮಡಚಿ ಸಿಕ್ಕಿಸಿದರು, ಪೇಂಟು ಉಜ್ಜದಿರಲಿ ಅಂತ. ನಾವು ಕೇಳಿರಲಿಲ್ಲ. ಆ ಬಸ್ಸಿನವನ ನೆನಪಾಯಿತು.

ಮುಕ್ಕಾಲು ಗಂಟೆಯ ಒಳಗಿನ ದಾರಿ. ಪಾದಿರಾಮಣಲ್ ದ್ವೀಪ ಕಾಣುತ್ತದೆ. ಇದೇ ನೀರಿನಲ್ಲಿ ಹೌಸ್‌ಬೋಟಿನವರು ಸಾವಿರಗಟ್ಟಲೆ ಕೊಟ್ಟು ಕೂತಿದ್ದರು. ಎಸಿ ಕೋಣೆಯ ಕಿಟಕಿ ಹಾಕಿಕೊಂಡಿದ್ದರು, ಪಾಪ.

ಕುಮರಕಂನಿಂದ ಉತ್ತರಕ್ಕೆ ವೆಚ್ಚೂರಿನ ಕಡೆ ಗದ್ದೆಗಳ ನಡುವೆ ರಸ್ತೆ. ಪುಟ್ಟ ಹಸುವಿನ ತಳಿಗೆ ಹೆಸರಾದ ವೆಚ್ಚೂರು ಇದೇ. ನಮಗೆ ಒಂದೂ ಕಾಣಲಿಲ್ಲ, ಎಮ್ಮೆ ಕಂಡಿತು. ಅಲ್ಲಿ ಎಡಕ್ಕೆ ತಿರುಗಿ ತಣ್ಣೀರ್‌ಮುಕ್ಕಂ ಬಂಡಿನ ಮೇಲೆ ತಪ್ಪದೆ ಹೋಗಿ. ಸರೋವರಕ್ಕೆ ಅಡ್ಡ ಕಟ್ಟಿದ ಒಡ್ಡು ಅದು, ಮೇಲೆ ರಸ್ತೆ. ಒಡ್ಡಿನ ದಕ್ಷಿಣಕ್ಕಿರುವ ಕುಟ್ಟನಾಡಿನ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಕೆಳಗಿವೆ. ಮಳೆಯಿಲ್ಲದ ತಿಂಗಳುಗಳಲ್ಲಿ ಉಪ್ಪುನೀರು ನುಗ್ಗದಿರಲಿ ಅಂತ ಒಡ್ಡಿನ ಬಾಗಿಲು ಹಾಕುತ್ತಾರೆ. ನಾವು ಹೋದಾಗ ಹಾಕಿತ್ತು. ನಡುವೆ ಸೈಕಲ್ ನಿಲ್ಲಿಸಿ ಎರಡೂ ಕಡೆ ನೋಡಿದೆವು. ಉತ್ತರಕ್ಕೆ ಅಲೆ ಏಳುವ ಬೂದು ಬಣ್ಣದ ನೀರು. ದಕ್ಷಿಣಕ್ಕೆ ಅಂತರಗಂಗೆ, ಮೇಲೆ ಕೊಕ್ಕರೆ ನಡೆದಾಡುವಷ್ಟು ದಪ್ಪ. ಉಪ್ಪು ಬಾರದಿದ್ದರೆ ಅದು ಸಾಯುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಗದ್ದೆಯವರಿಗೆ ಬಾಗಿಲು ಹಾಕಿರಬೇಕು, ಮೀನಿನವರಿಗೆ ತೆಗೆದಿರಬೇಕು.

ಒಡ್ಡಿನಿಂದ ವಾಪಸ್ ವೆಚ್ಚೂರಿಗೆ ಬಂದು ವೈಕಂ ರಸ್ತೆ ಹಿಡಿದ ಸ್ವಲ್ಪ ಹೊತ್ತಿಗೆ ಬೋರ್ಡಿಲ್ಲದ ಒಂದು ಹೋಟೆಲ್. ನೀಲಿ ಟಾರ್ಪಾಲು, ಮೂರು ಬೆಂಚು, ಒಬ್ಬ ಚೇಚಿ, ಅಂದರೆ ಅಕ್ಕ. ಮೊದಲು ಗುಲಾಬಿ ಬಣ್ಣದ ಬಿಸಿನೀರು ಇಟ್ಟರು, ಪದಿಮುಗಂ ಚಕ್ಕೆ ಹಾಕಿ ಕುದಿಸಿದ್ದು. ಹೆದರಬೇಡಿ, ಕುಡಿಯಿರಿ. ಆಮೇಲೆ ಬಾಳೆಲೆ ಮೇಲೆ ಕೆಂಪು ಕುಚ್ಚಲಕ್ಕಿ ಅನ್ನ, ತೋರನ್ ಅನ್ನುವ ಎಲೆಕೋಸಿನ ಪಲ್ಯ, ಬೇಯಿಸಿದ ಮರಗೆಣಸು, ಮಣ್ಣಿನ ಚಟ್ಟಿಯಿಂದಲೇ ಬಡಿಸಿದ ಮೀನು ಸಾರು. ಹುಳಿ ಕೊಡಂಪುಳಿಯದು. ನಮ್ಮಲ್ಲಿ ಉಪ್ಪಾಗೆ ಅನ್ನುತ್ತೇವಲ್ಲ, ಅದೇ. ಕಪ್ಪು ಸಿಪ್ಪೆಯ ಒಂದು ತುಂಡು ನನ್ನ ಎಲೆಗೇ ಬಿತ್ತು. ಚೀಪಿದರೆ ಹೊಗೆಯ ರುಚಿ. ಭಾವ ಒಂದು ತುತ್ತು ತಿಂದವರೇ, ‘ಮಾರಾಯ, ಇದು ನಮ್ಮ ಬೂತಾಯಿಯೇ!’ ಅಂದರು. ಚೇಚಿ ‘ಮತ್ತಿ, ಮತ್ತಿ’ ಅಂತ ತಿದ್ದಿದರು. ‘ಬೂತಾಯಿ’ ಅಂದರು ಭಾವ. ಕೊನೆಗೆ ಚೇಚಿ ಇನ್ನೆರಡು ಮೀನು ಹಾಕಿ ಮಾತು ಮುಗಿಸಿದರು. ಇಬ್ಬರಿಗೂ ಸೇರಿ ಇನ್ನೂರು ದಾಟಲಿಲ್ಲ. ಪ್ರವಾಸಿಗಳ ಹೋಟೆಲ್ಲಿನಲ್ಲಿ ಕರಿಮೀನ್‌ಗೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೆವು, ಮುಳ್ಳೇ ಹೆಚ್ಚು. ಹನ್ನೆರಡೂವರೆಗೇ ಹೋಗಿ. ಎರಡಕ್ಕೆ ಚಟ್ಟಿ ಖಾಲಿ.

ವೈಕಂನಿಂದ ತವಣಕಡವಿಗೆ ಮತ್ತೆ ದೋಣಿ. 2017ರ ಜನವರಿಯಲ್ಲಿ ಶುರುವಾದ ‘ಆದಿತ್ಯ’ ಎಂಬ ಸೌರದೋಣಿ ಓಡುವುದು ಇಲ್ಲೇ. ದೇಶದಲ್ಲಿ ಅಂಥದ್ದು ಅದೇ ಮೊದಲು. ಡೀಸೆಲ್ ದೋಣಿಯ ಗುಡುಗುಡು ಇಲ್ಲದೆ ಪಕ್ಕದವರ ಮಾತೆಲ್ಲ ಕೇಳಿಸುತ್ತದೆ, ಅರ್ಥ ಆಗಲಿಲ್ಲ ಅಷ್ಟೇ. ದಾಟಿದರೆ ಚೇರ್ತಲ, ಅಲ್ಲಿಂದ ಕಡಲ ರಸ್ತೆ ಹಿಡಿದು ಕೊಚ್ಚಿ.

ಇನ್ನೆರಡು ಮಾತು. ಉಪ್ಪುಗಾಳಿಗೆ ಚೈನು ಎರಡೇ ದಿನದಲ್ಲಿ ಕೆಂಪಾಯಿತು. ದಿನಾ ಸಂಜೆ ಸಿಹಿನೀರಲ್ಲಿ ಒರೆಸಿ ಎಣ್ಣೆ ಹಾಕಿ. ಬೆಳಗ್ಗೆ ಆರಕ್ಕೆ ಹೊರಟು ಹತ್ತೂವರೆಗೆ ನಿಲ್ಲಿಸಿ, ಆಮೇಲಿನ ಸೆಖೆ ಬೇರೆಯೇ ಲೆಕ್ಕ. ದೋಣಿಯ ಸಮಯವನ್ನು ಜೆಟ್ಟಿಯಲ್ಲೇ ಕೇಳಿ, ಫೋನಿನಲ್ಲಿ ನೋಡಿದ್ದನ್ನು ನಂಬಬೇಡಿ. ಶಾಲೆ ಬಿಡುವ ಹೊತ್ತಿಗೆ ಹೋದರೆ ಸೈಕಲ್ಲಿಗೆ ಜಾಗ ಇರುವುದಿಲ್ಲ. ಮುಂದಿನ ದೋಣಿಗೆ ಕಾಯಿರಿ, ಜೆಟ್ಟಿಯ ಪಕ್ಕ ಚಹಾ ಸಿಗುತ್ತದೆ.