ಅಜ್ಜನ ಫೋಟೋದಾಗಿನ ಕಟಗಿ ಗಾಡಿ

ಹೋದ ವಾರ ಧಾರವಾಡದಾಗ ಮಾಳಮಡ್ಡಿ ಮನಿಗೆ ಹೋದಾಗ ಕಾಕಾ ಟ್ರಂಕ್ ತಗದು ಹಳೇ ಫೋಟೋ ತೋರಿಸ್ಲಿಕ್ಕತ್ತಿದ್ರು. ಅದ್ರಾಗ ಒಂದು, ಅಜ್ಜ ಇಂಗ್ಲೆಂಡಿನ್ಯಾಗ ಕೋಟ್ ಹಾಕ್ಕೊಂಡು ಕಾರಿನ ಮುಂದ ನಿಂತಿದ್ದು. ಕಾರಿನ ಹಿಂದಿನ ಭಾಗ ಪೂರ್ತಿ ಕಟಗಿ ಚೌಕಟ್ಟು, ನಮ್ಮ ಹಳೇ ಮನಿ ಕಿಟಕಿ ಇರ್ತಾವಲ್ಲ, ಹಂಗ.

ಕಾಕಾ ಅಂದ್ರು, "ಇದು ಅಂಬಾಸಿಡರ್ ಇದ್ದಂಗ ಐತಲ್ಲೋ, 55ರಾಗ ತಗದಿದ್ದು, ಅಪ್ಪಾರು ಅಲ್ಲಿಗೆ ಹೋದ ವರ್ಷ."

ನಾ ಹೇಳಿದೆ, ಅಲ್ಲ ಕಾಕಾ, ಅಂಬಾಸಿಡರ್ ಬಂದಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನೋ ಕಾರಿನಿಂದ, ಇದು ಅದರ ತಂಗಿ ಮಾರಿಸ್ ಮೈನರ್, ನಮ್ಮಲ್ಲಿ ಬೇಬಿ ಹಿಂದುಸ್ತಾನ್ ಅಂತ ಮಾರ್ತಿದ್ರಲ್ಲ, ಅದ. ಆಕ್ಸ್‌ಫರ್ಡಿಗೂ ಕಟಗಿ ಹಿಂಬದಿ ಇದ್ದ ಟ್ರಾವೆಲರ್, ಅಂದ್ರ ಹಿಂದ ಸಾಮಾನು ಇಡ್ಲಿಕ್ಕೆ ಉದ್ದ ಜಾಗ ಇರೋ ಮಾಡೆಲ್, ಇತ್ತು, ಅದಕ್ಕ ಹಿಂದಿನ ಕಟಗಿ ನೋಡಿ ಹೇಳಬಾರ್ದು, ಮುಖ ನೋಡಬೇಕು. ಮಿನಿ ಅನ್ನೋ ಸಣ್ಣ ಕಾರಿನೊಳಗೂ ಕಟಗಿ ಹಾಕಿದ್ದು ಬಂತು, ಆದ್ರ ಅದು ತಗಡಿನ ಮ್ಯಾಲೆ ಬರೇ ಚಂದಕ್ಕ ಅಂಟಿಸಿದ್ದು. ಮೈನರ್ ಟ್ರಾವೆಲರಿನ್ಯಾಗ ಆ್ಯಶ್ ಕಟಗಿನ ಬಾಡಿ ಹೊತ್ತು ನಿಂತಿರ್ತದ, ಅದು ಕೊಳತ್ರ ಗಾಡಿನ ಕೊಳತಂಗ. ಮುಂಚೆ ಅಲ್ಲಿ ವರ್ಷಾ ಫಿಟ್‌ನೆಸ್ ಟೆಸ್ಟ್ ಮಾಡೋವಾಗ ಕಟಗಿ ಕೊಳತಿದ್ರ ಫೇಲ್ ಮಾಡ್ತಿದ್ರು.

ಇನ್ನ ವರ್ಷ. ಮೈನರ್ ಟ್ರಾವೆಲರ್ ಬಂದಿದ್ದು 1953ರಾಗ, ಆವಾಗ ಅದು ಸೀರೀಸ್ 2, ಎಂಜಿನ್ 803 ಸಿಸಿ, ಮುಂದಿನ ಗ್ಲಾಸ್ ಎರಡು ತುಂಡು, ನಡುವ ಒಂದು ಪಟ್ಟಿ. 1956ರ ಕೊನಿಗೆ ಮೈನರ್ 1000 ಬಂತು, 948 ಸಿಸಿ, ಗ್ಲಾಸ್ ಒಂದ ತುಂಡು, ಬಾಗಿದ್ದು. 1962ರಿಂದ 1098 ಸಿಸಿ. ಆದ್ರ ಎಂಜಿನ್ ನಂಬಿ ವರ್ಷ ಹೇಳೋದು ಭಾಳ ತಪ್ಪು, ಯಾಕಂದ್ರ ಹಳೇ ಗಾಡಿಗೆ 1098 ಎಂಜಿನ್ ಕೂಡ್ರಿಸಿದವ್ರು ಸಾಕಷ್ಟು ಮಂದಿ ಅದಾರ, ಗ್ರಿಲ್, ಲೈಟ್, ಬಂಪರ್ ಎಲ್ಲಾ ಬೋಲ್ಟ್ ಬಿಚ್ಚಿದ್ರ ಬದಲಾಗ್ತಾವ. ಗ್ಲಾಸ್ ಹಂಗಲ್ಲ. ಒಂದ ತುಂಡಿನ ಗ್ಲಾಸ್ ಕೂಡ್ರಬೇಕಂದ್ರ ಸುತ್ತಲಿನ ತಗಡ ಬ್ಯಾರೆ ಇರಬೇಕು, ಗ್ಲಾಸಿನ ಎರಡೂ ಬದಿಯ ಕಂಬ ಸಣ್ಣ ಇರಬೇಕು. ಅದಕ್ಕ ನಾ ಮೊದಲು ನೋಡೋದು ಗ್ಲಾಸ್, ಆಮ್ಯಾಲೆ ಉಳಿದದ್ದು.

ಅಜ್ಜನ ಫೋಟೋದಾಗ ಗ್ಲಾಸ್ ಒಂದ ತುಂಡು. ನಡುವ ಪಟ್ಟಿ ಇಲ್ಲವ ಇಲ್ಲ. ಅಂದ್ರ 55 ಆಗೋದು ಸಾಧ್ಯನ ಇಲ್ಲ. ಆಮ್ಯಾಲೆ ವೈಪರ್ ನೋಡಿದೆ, ಎರಡೂ ವಿರುದ್ಧ ದಿಕ್ಕಿಗೆ ಮಲಗ್ಯಾವ, ಚಪ್ಪಾಳಿ ಹೊಡದಂಗ ಓಡೋವು. 1963ರ ಕೊನಿಗೆ ಬಂದವಕ್ಕ ಎರಡೂ ಒಂದ ಕಡೆ ಓಡ್ತಾವ, ಮುಂದಿನ ಸಣ್ಣ ಲೈಟೂ ದೊಡ್ಡವು ಆದ್ವು, ಕೇಸರಿ ಇಂಡಿಕೇಟರ್ ಕೂಡಿ. ಇದರಾಗ ಅವಿಲ್ಲ. ಹಂಗಾರ 56ರ ಕೊನಿಯಿಂದ 63ರ ನಡುವಿನ ಗಾಡಿ. ನಂಬರ್ ಪ್ಲೇಟ್ ಕಂಡಿದ್ರ ಇನ್ನೂ ಹತ್ರ ಬರಬಹುದಿತ್ತು, ಆದ್ರ ಅಜ್ಜನ ಕೋಟ್ ಅದನ್ನ ಪೂರ್ತಿ ಮುಚ್ಚೇತಿ.

ಕಾಕಾ ಒಪ್ಪಲಿಲ್ಲ, "ಅಪ್ಪಾರು 55ರಾಗ ಹೋಗಿದ್ದು ನನಗ ಗೊತ್ತೈತಿ" ಅಂದ್ರು.

ಅಡಗಿ ಮನಿಯಿಂದ ಆಯಿ ಕೇಳಿಸ್ಕೊಂಡ್ಲು. "ಎರಡನೇ ಸಲ ಹೋಗಿದ್ದು ನಿಂಗೇನ್ ಗೊತ್ತೋ, ನೀ ಇನ್ನೂ ಹುಟ್ಟಿದ್ದಿಲ್ಲ. ನಿಮ್ಮಣ್ಣ ತೊಟ್ಟಲದಾಗಿದ್ದ, ಇವ್ರು ಆರು ತಿಂಗಳು ಅಲ್ಲೇ ಇದ್ರು."

ಅಪ್ಪ ಹುಟ್ಟಿದ್ದು 1958. ಫೋಟೋ ಹಿಂದ ಪೆನ್ಸಿಲಿನ್ಯಾಗ ಅದನ್ನ ಬರದು, ಆಯಿ ಕೈಗೆ ಕೊಟ್ಟೆ.