ಬೀಜ ಸರಿಯಿಲ್ಲ ಅಂತ ಕೂಗಾಡಿದ ಮೇಲೆ

ಮೂಡಿಗೆರೆ ಹತ್ತಿರ ನಮ್ಮ ಹಳೇ ಕೊಟ್ಟಿಗೆಯನ್ನೇ ಶೆಡ್ ಮಾಡಿಕೊಂಡು ಚಿಪ್ಪಣಬೆ ಬೆಳೆಯುತ್ತೇನೆ. ಭತ್ತದ ಹುಲ್ಲಿನ ಮೇಲೆ. ಹೋದ ವರ್ಷ ಜುಲೈನಲ್ಲಿ 46 ಬ್ಯಾಗ್ ಹಾಕಿದ್ದೆ, ಅದರಲ್ಲಿ 40 ಗುಂಡಿಗೆ ಹೋದವು.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, 80 ಡಿಗ್ರಿ ಬಿಸಿನೀರಲ್ಲಿ ಒಂದೆರಡು ಗಂಟೆ ಅದ್ದಿಟ್ಟು, ನೀರು ಬಸಿದು ತಣ್ಣಗಾದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಬೀಜ ಹಾಕಿ ಒತ್ತಿ ಕಟ್ಟುತ್ತೇವೆ. ಬೀಜ ಅಂದರೆ ಜೋಳದ ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆ. ಕತ್ತಲಲ್ಲಿ 15ರಿಂದ 20 ದಿನ ಇಟ್ಟರೆ ಚೀಲ ಪೂರ್ತಿ ಬೆಳ್ಳಗಾಗುತ್ತದೆ. ಆಮೇಲೆ ಗಾಳಿ, ಬೆಳಕು ಬಿಟ್ಟು ನೀರು ಚಿಮುಕಿಸಿದರೆ ಮೊಗ್ಗು ಬರುತ್ತವೆ.

ಆವತ್ತು ಒಂದೇ ಸಮ ಮಳೆ. ಕರೆಂಟ್ ಇಲ್ಲ. ಸಂಜೆಯೊಳಗೆ ಮುಗಿಸಬೇಕು ಅಂತ ಬಸಿಯಲು ಹಾಕಿದ್ದ ಹುಲ್ಲನ್ನು ಬೇಗ ತೆಗೆದು ತುಂಬಲು ಶುರು ಮಾಡಿದೆ. ಕೆಲಸಕ್ಕೆ ಬರುವ ಅಕ್ಕ ಒಂದು ಹಿಡಿ ಹುಲ್ಲು ಮುಷ್ಟಿಯಲ್ಲಿ ಹಿಂಡಿ, "ಇನ್ನೂ ತೊಟ್ಟಿಕ್ತೈತೆ ಕಣಪ್ಪ, ಬೆಳಿಗ್ಗೆ ಕಟ್ಟಾನ" ಅಂದರು. "ಏನೂ ಆಗಲ್ಲ ಬಿಡಕ್ಕ" ಅಂದೆ. 40 ಕಟ್ಟುವಷ್ಟರಲ್ಲಿ ಕತ್ತಲಾಯಿತು. ಉಳಿದ ಹುಲ್ಲಿಗೆ ತೊಳೆದ ಪಂಚೆ ಮುಚ್ಚಿಟ್ಟು ಮರುದಿನ 6 ಬ್ಯಾಗ್ ಕಟ್ಟಿದೆವು.

ಎಂಟನೇ ದಿನ ಟಾರ್ಚ್ ಬಿಟ್ಟು ನೋಡಿದರೆ ಚೀಲಗಳ ತಳದಲ್ಲಿ ಚಹಾ ಬಣ್ಣದ ನೀರು ನಿಂತಿದೆ, ಅದರ ಮೇಲೆ ಪಾಚಿ ಥರ ಹಸಿರು ಬೂಷ್ಟು. ಒಂದನ್ನು ಅಲ್ಲೇ ಬಿಚ್ಚಿದೆ, ಗಪ್ ಅಂತ ಹುಳಿ ವಾಸನೆ. ಶೆಡ್ ಒಳಗೆ ಬಿಚ್ಚಿದ್ದು ಎರಡನೇ ತಪ್ಪು, ಆ ಹಸಿರು ಪುಡಿ ಗಾಳಿಯಲ್ಲೇ ಹಾರಿ ಪಕ್ಕದ ಬ್ಯಾಗಿಗೂ ಹೋಗುತ್ತೆ.

(ಆ ಬೂಷ್ಟಿನ ಹೆಸರು ಟ್ರೈಕೊಡರ್ಮಾ. ನಮ್ಮ ಕಡೆ ಕಾಳುಮೆಣಸಿನ ಸೊರಗು ರೋಗಕ್ಕೆ ದುಡ್ಡು ಕೊಟ್ಟು ತಂದು, ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಬಳ್ಳಿ ಬುಡಕ್ಕೆ ಹಾಕ್ತಾರಲ್ಲ, ಅದೇ ಜಾತಿ. ತೋಟದಲ್ಲಿ ಬೇಕು, ಶೆಡ್ಡಲ್ಲಿ ಬೇಡ. ಆ ಗೊಬ್ಬರದ ರಾಶಿ ಶೆಡ್ ಹಿಂದೆಯೇ ಇತ್ತು, ಈಗ ದೂರ ಹಾಕಿಸಿದ್ದೇನೆ.)

ನಾನು ಮಾಡಿದ ಮೊದಲ ಕೆಲಸ ಬೀಜ ಕೊಟ್ಟವರಿಗೆ ಫೋನ್ ಹಚ್ಚಿ ಕೂಗಾಡಿದ್ದು. ನಿಮ್ಮ ಬೀಜವೇ ಸರಿಯಿಲ್ಲ, ದುಡ್ಡು ವಾಪಸ್ ಕೊಡಿ ಅಂತೆಲ್ಲ. ಅವರು ಪೂರ್ತಿ ಕೇಳಿಸಿಕೊಂಡು, "ಎಲ್ಲ ಬ್ಯಾಗೂ ಹೋಗಿದೆಯಾ ಸರ್? ಒಂದಾದರೂ ಬೆಳ್ಳಗಾಗಿದೆಯಾ ನೋಡಿ" ಅಂದರು.

ಹೋಗಿ ನೋಡಿದೆ. ಮೂಲೆಯಲ್ಲಿದ್ದ 6 ಬ್ಯಾಗ್ ಹತ್ತಿ ತುಂಬಿದ ಹಾಗೆ ಬೆಳ್ಳಗೆ ಬರುತ್ತಿದ್ದವು. ಅದೇ ಪ್ಯಾಕೆಟ್ಟಿನ ಬೀಜ, ಅದೇ ಹಂಡೆಯ ಹುಲ್ಲು. ಒಂದು ರಾತ್ರಿ ಜಾಸ್ತಿ ಬಸಿದಿತ್ತು, ಅಷ್ಟೇ. ಒದ್ದೆ ಹುಲ್ಲನ್ನು ಒತ್ತಿ ತುಂಬಿದರೆ ತಳಕ್ಕೆ ಗಾಳಿ ಆಡಲ್ಲ, ಅಣಬೆಯ ಎಳೆಗೆ ಉಸಿರುಗಟ್ಟುತ್ತೆ, ಅಷ್ಟರಲ್ಲಿ ಬೂಷ್ಟು ಜಾಗ ಹಿಡಿಯುತ್ತೆ. ಹಿಂಡಿದರೆ ಅಂಗೈ ತೇವ ಆಗಬೇಕು, ಹನಿ ಬೀಳಬಾರದು. ತರಬೇತಿಯಲ್ಲಿ ಇದನ್ನೇ ಹೇಳಿದ್ದರು, ನಾನು ಪುಸ್ತಕದಲ್ಲಿ ಬರೆದುಕೊಂಡೂ ಇದ್ದೆ!

ಬೀಜದವರಿಗೆ ತಿರುಗಿ ಫೋನ್ ಮಾಡಲು ಎರಡು ದಿನ ಬೇಕಾಯಿತು. ಅಕ್ಕನಿಗೆ ಹೇಳಲು ಇನ್ನೂ ಎರಡು ದಿನ. ಅವರೇನೂ ಅನ್ನಲಿಲ್ಲ, ಕೊಳೆತ ಬ್ಯಾಗುಗಳನ್ನು ದೂರ ಹೊತ್ತುಕೊಂಡು ಹೋಗಿ ಹೂಳಲು ಕೈ ಹಾಕಿದರು. ಖಾಲಿ ಶೆಡ್ಡಿಗೆ ಸುಣ್ಣ ಹೊಡೆದು ಒಂದಷ್ಟು ದಿನ ಸುಮ್ನೆ ಬಿಟ್ಟೆವು.

ಈಗ ಜಾಲರಿ ಹೊಡೆದ ಒಂದು ಮಂಚ ಮಾಡಿಸಿದ್ದೇನೆ, ಹುಲ್ಲು ಅದರ ಮೇಲೇ ಬಸಿಯುತ್ತದೆ. ಹಿಂಡಿ ನೋಡುವುದು ಅಕ್ಕ. ಅವರು ಹೂಂ ಅಂದ ಮೇಲೆಯೇ ಬೀಜದ ಪ್ಯಾಕೆಟ್ ಒಡೆಯುವುದು.

ಕಾಫಿ ಸಿಪ್ಪೆ ಯಾಕೆ ಬಳಸಲ್ಲ, ನಮ್ಮಲ್ಲಿ ರಾಶಿ ಬಿದ್ದಿದೆಯಲ್ಲ ಅಂತ ತುಂಬಾ ಜನ ಕೇಳ್ತಾರೆ. ಅದರ ಮೇಲೂ ಚಿಪ್ಪಣಬೆ ಬರುತ್ತೆ. ಆದರೆ ಸಿಪ್ಪೆಯಲ್ಲಿರುವ ಕೆಫೀನ್, ಒಗರು ಜಾಸ್ತಿಯಾದರೆ ಎಳೆ ಓಡುವುದು ನಿಧಾನವಾಗುತ್ತದೆ, ಹಾಗಾಗಿ ಬಿಸಿನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿ, ನಾಲ್ಕರಲ್ಲಿ ಒಂದು ಪಾಲು ಮಾತ್ರ ಹುಲ್ಲಿಗೆ ಬೆರೆಸಿ ನೋಡುತ್ತಿದ್ದೇನೆ. ಕಷ್ಟ ಏನಂದರೆ ಸಿಪ್ಪೆ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ನೀರು ಹಿಡಿದಿರುತ್ತದೆ, ಹಿಂಡಿದರೂ ಸರಿಯಾಗಿ ಗೊತ್ತಾಗಲ್ಲ. ನಿನ್ನೆ ಬೇಯಿಸಿದ್ದು ಇನ್ನೂ ಮಂಚದ ಮೇಲೇ ಇದೆ. ಅಕ್ಕ ಇನ್ನೂ ಹೂಂ ಅಂದಿಲ್ಲ.